ಒಬ್ಬೊಬ್ಬರ ಏಳ್ರೇ

ಬ್ಯಾಂಕಿನವರು ಬಿಟ್ಟುಕೊಟ್ಟ ಹಳೇ ಸರ್ವರು, ಅರವತ್ತನಾಲ್ಕು.
ಗೋಕುಲ ರೋಡಿನ ಶೆಡ್ಡಿನ್ಯಾಗ ನಿಲ್ಲಿಸಿ
ನಂಬರಿನ ಬದಲಿ ಹೆಸರಿಟ್ಟೆ:
ನವಲೂರ, ಸತ್ತೂರ, ರಾಯಾಪುರ, ಉಣಕಲ್ಲ,
ಧಾರವಾಡದಿಂದ ದಿನಾ ಬರೋ ಬಸ್ಸಿನ ಸ್ಟಾಪು.
ಸಾಲದಾದಾಗ ಹಣ್ಣಿನ ಹೆಸರು, ಆಮ್ಯಾಲೆ ಬೈಗುಳ.

ಯಂತ್ರಕ್ಕ ತನ್ನ ಹೆಸರು ಗೊತ್ತಿರೂದಿಲ್ಲ.
ಎದ್ದಕೂಡಲೆ ತಂತಿಗುಂಟ ಕೇಳತದ: ನಾ ಯಾರು?
ಪುಕ್ಕಟೆ ಸಿಕ್ಕ ತಂತ್ರಾಂಶ ಹೇಳತದ:
ನೀ ನವಲೂರ. ಇದು ನಿನ್ನ ಕೆಲಸ. ಹಿಡಿ.

ಮಂಗಳವಾರ ಕರೆಂಟು ಹೋತು, ಬಂತು.
ಅರವತ್ತನಾಲ್ಕೂ ಒಮ್ಮೆಲೆ ಎದ್ದು ಫ್ಯೂಜು ಢಂ.
ಮತ್ತ ಹಾಕಿದೆ. ಮತ್ತ ಢಂ.
ವಾಚ್‌ಮನ್ ಫಕ್ರುಸಾಬ ಮೇಣಬತ್ತಿ ಹಿಡಿದು ನಿಂತಿದ್ದ.

ಆಗ ನೆನಪಾತು ಸಪ್ತಾಪುರದ ಹಾಸ್ಟೆಲ್ಲು:
ಎಂಟು ದಿನಕ್ಕೊಮ್ಮೆ ನೀರು, ಒಂದ ನಳ,
ಕೊಡ ಹಿಡಿದ ನಲವತ್ತು ಹುಡುಗೇರು,
ಬಾಗಿಲಿಗೆ ಅಡ್ಡ ನಿಂತ ಮೇಟ್ರನ್ ಗಂಗವ್ವ:
"ಒಬ್ಬೊಬ್ಬರ ಏಳ್ರೇ!"

ಕೀಲಿ ಇಲ್ಲದ ಕೋಡು. ಒಳಗ ಹೊಕ್ಕು ಏಳು ಸಾಲು ಬರೆದೆ.
ಒಂದು ಏಳಲಿ, ಆರು ಎಣಿಸು, ಇನ್ನೊಂದು.
ಬರೆದದ್ದನ್ನ ಎಲ್ಲಾರ ಗಂಟಿಗೆ ವಾಪಸ ಹಾಕಿದೆ.

ತಿಂಗಳಾದ ಮ್ಯಾಲೆ ಯಾರೋ ಒಪ್ಪಿದರು. ಅವರ ಹೆಸರು ಓದಾಕ ಬರಲಿಲ್ಲ.

ಈಗ ಯಾವ ದೇಶದ ಯಾವ ಕತ್ತಲಿನ್ಯಾಗೋ
ಸಾವಿರ ಯಂತ್ರ ಪಾಳಿಗೆ ನಿಂತಿರತಾವ,
ಗಂಗವ್ವನ ದನಿಗೆ ಅಂಜಿ,
ಕೊಡ ಇಲ್ಲದ.