ಹಿಗ್ಗುವ ಹಗ್ಗ

ಲಾಂಗ್‌ರೀಚಿನಲ್ಲಿ ಮಳೆ ನಿಂತ ಮೂರನೆಯ ದಿನ
ನೊರೀನಳ ಅಂಗಡಿಗೆ ಹೋದೆ.
ಬೂಟಿಗಂಟಿದ ಎರೆಮಣ್ಣನ್ನು ಹೊಸ್ತಿಲಲ್ಲೇ ಕೆರೆದೆ, ಬಿಡಲಿಲ್ಲ.
ನವಲಗುಂದದ ಮಣ್ಣಿಗೂ ಇದೇ ಗುಣ:
ಬಿಸಿಲಿಗೆ ಬಾಯಿ ಬಿಡುತ್ತದೆ, ನಾಲ್ಕು ಹನಿ ಬಿದ್ದರೆ
ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟನಂತೆ
ಹಿಡಿದ ಕೈ ಬಿಡುವುದಿಲ್ಲ.

'ಗಾಡಿ ಎಳೆಯಲು ಒಂದು ಹಗ್ಗ ಬೇಕು' ಎಂದೆ.
ಆಕೆ ಕನ್ನಡಕವನ್ನು ಹಣೆಗೇರಿಸಿದಳು:
'ಯಾವ ಗಾಡಿ? ಉರುಳುವುದೋ, ಹೂತದ್ದೋ?'

ಎರಡು ಸುರುಳಿ ಮೇಜಿಗೆ ಬಿದ್ದವು.
ಒಂದು ಪಾಲಿಯೆಸ್ಟರು.
ಕೆಟ್ಟು ನಿಂತದ್ದನ್ನು ಟಾರು ರಸ್ತೆಯ ಮೇಲೆ
ಗ್ಯಾರೇಜಿನ ತನಕ ಮೆಲ್ಲಗೆ ನಡೆಸಲಿಕ್ಕೆ;
ಹಳೆಯ ಗುಮಾಸ್ತನಂತೆ ಅಳತೆಗೆ ಅಳತೆ,
ಒಂದಿಂಚು ಆಚೆ ಬಾರದು.
ಇನ್ನೊಂದು ನೈಲಾನು, ಒಂಬತ್ತು ಮೀಟರು,
ಜಗ್ಗಿದರೆ ಹನ್ನೊಂದರ ಹತ್ತಿರ ಹೋಗಿ
ಕೊಟ್ಟ ಜಗ್ಗನ್ನು ಕೂಡಿಟ್ಟುಕೊಂಡು ತಿರುಗಿ ಕೊಡುತ್ತದೆ.
'ಹೂತದ್ದಕ್ಕೆ ಇದು. ಹಿಗ್ಗದಿದ್ದರೆ ಬಿಡಿಸಲಾರದು.'

ನಕ್ಕೆ. ಯಾಕೆಂದು ಅವಳಿಗೆ ಹೇಗೆ ಹೇಳಲಿ?
ಹಗ್ಗದಿಂದ ಹಿಗ್ಗಿಗೆ ನನ್ನ ಭಾಷೆಯಲ್ಲಿ
ಒಂದು ಗುಡಿಸು, ಒಂದು ಕೊಂಬು,
ಅಷ್ಟೇ ದೂರ.

'ಹಾಗಾದರೆ ದಪ್ಪದ್ದೇ ಕೊಡು, ಹದಿನೈದು ಟನ್ನಿನದು.'
'ಔಷಧಿ ಪೆಟ್ಟಿಗೆ, ನೀರು, ನಾಯಿ ಎಲ್ಲ ಸೇರಿ
ನಿನ್ನ ಗಾಡಿ ಮೂರು ಟನ್ನು ತೂಗೀತು. ಎಂಟರದು ಸಾಕು.
ಹದಿನೈದರದು ನಿನ್ನ ಭಾರಕ್ಕೆ ಮಣಿಯುವುದಿಲ್ಲ,
ಮಣಿಯದ್ದು ಮುರಿಯುತ್ತದೆ,
ತನ್ನನ್ನಲ್ಲ, ನಿನ್ನ ಚಾಸಿಯನ್ನು.'

ಫ್ಯಾನಿನ ಗಾಳಿಗೆ ಬಿಲ್ಲುಗಳು ಹಾರದಂತೆ
ಒಂದು ಉಕ್ಕಿನ ಗುಂಡು ಇಟ್ಟಿದ್ದಳು,
ಟ್ರೇಲರ್ ಸಿಕ್ಕಿಸುವ ಗುಂಡು, ಕತ್ತಿನಲ್ಲಿ ಮುರಿದದ್ದು.
'ಇದಕ್ಕೆ ಮಾತ್ರ ಎಂದೂ ಪಟ್ಟಿ ಹಾಕಬೇಡ.'
ಹಿಂದಿನ ಗೋಡೆಯ ಮೊಳೆಯಲ್ಲಿ ಗಂಡಸಿನ ಹ್ಯಾಟೊಂದು,
ಅಂಗಡಿಯಲ್ಲಿ ಧೂಳಿಲ್ಲದ ವಸ್ತು ಅದೊಂದೇ.
ನಾನು ಕೇಳಲಿಲ್ಲ.

ಶನಿವಾರ ಮುಟ್ಟಬುರ್ರಾ ದಾರಿಯಲ್ಲಿ ಹೂತದ್ದು ನಾನೇ.
ಕಡಸು ಈಯಲಾರದೆ ಒದ್ದಾಡುತ್ತಿದೆ ಎಂದು ಕರೆದಿದ್ದ ಡೆರಿಲ್
ಕೊನೆಗೆ ಡಾಕ್ಟರನ್ನೇ ಎಳೆಯಲು ಬಂದ.
ಮೊದಲು ಸಲಿಕೆ. ಚಕ್ರದ ಮುಂದೆ ತೋಡಿ,
ಪಟ್ಟಿಯನ್ನು ನಡುವೆ ಸಡಿಲ ಬಿಟ್ಟು
ಒದ್ದೆ ಕಂಬಳಿ ಹೊದಿಸಿದೆವು,
ಹರಿದರೆ ಅದು ಗಾಳಿಯಲ್ಲಿ ಯಾರನ್ನೂ ಹುಡುಕದಿರಲಿ ಎಂದು.

ಬೀದರದಲ್ಲಿ ನಮ್ಮನ್ನು ಎಮ್ಮೆಯ ಹಿಂದೆ ನಿಲ್ಲಿಸಿ ಕಲಿಸಿದ್ದರು:
ಅದು ತಿಣುಕಿದಾಗ ಎಳೆ,
ಅದು ಉಸಿರು ಬಿಟ್ಟಾಗ ನೀನೂ ಬಿಡು.
ಬಲ ನಿನ್ನದಲ್ಲ, ಹದ ಮಾತ್ರ ನಿನ್ನದು.

ಮೊದಲ ಸಲ ಪಟ್ಟಿ ಹಿಗ್ಗಿತು, ಇನ್ನೂ ಹಿಗ್ಗಿತು, ಅಷ್ಟೆ.
ಅದಕ್ಕೂ ದಣಿವಿದೆ.
ಡೆರಿಲ್ ಒಂದು ಸಿಗರೇಟು ಸುತ್ತಿ ಸೇದಿ ಮುಗಿಸುವ ತನಕ
ಅದನ್ನು ಅದರ ಪಾಡಿಗೆ ಬಿಟ್ಟೆವು.
ಎರಡನೆಯ ಸಲ ಎಳೆತ ಅನ್ನಿಸಲೇ ಇಲ್ಲ,
ಬೆನ್ನಿಗೆ ಯಾರೋ ಅಂಗೈ ಇಟ್ಟು
'ಏಳು, ನಡಿ' ಅಂದ ಹಾಗಾಯಿತು.
ಲೊಚ್ಚೆಂದು ಮಣ್ಣು ಬಾಯಿ ಬಿಟ್ಟಿತು.

ಹೋಗಿ ನೋಡಿದರೆ ಕಡಸು ತಾನೇ ಈದು
ಕರುವನ್ನು ನೆಕ್ಕುತ್ತಾ ನಿಂತಿದೆ.
ಕೆಸರು ಮೆತ್ತಿದ ನಮ್ಮಿಬ್ಬರನ್ನೂ
ಯಾರೋ ದಾರಿ ತಪ್ಪಿ ಬಂದವರು ಎಂಬಂತೆ ನೋಡಿತು.

ಭಾನುವಾರ ಪಟ್ಟಿಯನ್ನು ತೊಳೆದೆ,
ನೊರೀನ್ ಹೇಳಿದಂತೆ ನೆರಳಲ್ಲಿ ಒಣಹಾಕಿದೆ.
ಸುತ್ತಿಡುವ ಮೊದಲು, ಸುಮ್ಮನೆ, ಅಳೆದೆ:
ಒಂಬತ್ತು ಮೀಟರು,
ಮೇಲೆ ನಾಲ್ಕು ಬೆರಳು.