ನೂರಾ ಹದಿನೈದನೆಯ ಪ್ರಶ್ನೆ

ಸಾವಿರದೊಂಬೈನೂರ ಐವತ್ತಾರು, ನವೆಂಬರ್.
ಡಾರ್ಟ್‌ಮೂರಿನ ಅಂಚಿಗೆ, ಹುಲ್ಲು ಹೊದ್ದ ಮನೆಯೊಂದಕ್ಕೆ
ರೈಲಿಳಿದು ಸೈಕಲ್ಲು ತುಳಿದು ಬಂದವನು ಎಲ್ಲರ್‌ಶಾ.
ಕ್ಯಾರಿಯರಿನಲ್ಲಿ ಪ್ರಶ್ನೆಗಳ ಕಟ್ಟು,
ಪ್ಯಾಂಟಿನ ಕಾಲಿಗೆ ಎರಡು ಕ್ಲಿಪ್ಪು.

"ಸಾಯುತ್ತಿರುವ ಮಾತುಗಳನ್ನು ಬರೆದುಕೊಳ್ಳಲು ಬಂದೆ" ಎಂದ.
ತಿರ್ಜಾ ಚಗ್, ಎಪ್ಪತ್ತೊಂಬತ್ತು,
ಅರ್ಧ ಸುಲಿದ ಟರ್ನಿಪ್ಪು ಕೈಯಲ್ಲೇ ಇಟ್ಟುಕೊಂಡು
ಮೇಲಿಂದ ಕೆಳಗೆ ನೋಡಿದಳು:
"ಸಾಯುತ್ತಿರುವುದು ಮಾತೋ, ನಾನೋ?
ಇರಲಿ, ಒಳಗೆ ಬಾ. ಕಾಲು ಒರೆಸು."

ಹೆಸರು ಹೇಳದೆ, ಒಗಟಿನ ಹಾಗೆ ಕೇಳಬೇಕು. ಅದು ಅವನ ಶಾಸ್ತ್ರ.
ಪದ ತಾನಾಗಿ ಇಳಿಯಬೇಕು,
ಹಸು ತಾನಾಗಿ ತೊರೆಬಿಟ್ಟ ಹಾಗೆ.

ಹಗಲು ಸತ್ತಿಲ್ಲ, ಇರುಳು ಹುಟ್ಟಿಲ್ಲ. ಆ ಹೊತ್ತಿಗೆ?
"ಡಿಂಪ್ಸಿ."
ಬಂದವರು ಕಾಣುತ್ತಾರೆ, ಯಾರೆಂದು ಕಾಣುವುದಿಲ್ಲ;
ದೀಪದೆಣ್ಣೆ ಉಳಿಸುವವರ ಹೊತ್ತು.

ಮಾಗಿದ ಸೇಬಿನೊಳಗೆ ಕೂತು ಗುಂಯ್‌ಗುಡುವ ಕಣಜಕ್ಕೆ?
"ಆಪಲ್‌ಡ್ರೇನ್. ಕುಡಿದು ಕೂತ ನನ್ನ ಗಂಡನಿಗೂ ಅದೇ."
ಎರಡನೆಯ ಅರ್ಥವನ್ನೂ ಬರೆದ,
ಪಕ್ಕದಲ್ಲಿ ಸಣ್ಣಗೆ: ಹಾಸ್ಯಕ್ಕೆ.
"ಹಾಸ್ಯವಲ್ಲ" ಎಂದಳು.

ಕರಗಿದ ಹಿಮ ರಾತ್ರೋರಾತ್ರಿ ಮತ್ತೆ ಹೆಪ್ಪುಗಟ್ಟಿ
ಕಡ್ಡಿಕಡ್ಡಿಗೂ ಹುಲ್ಲೆಳೆಗೂ
ಗಾಜಿನ ಪೊರೆ ತೊಡಿಸಿದರೆ, ಅದಕ್ಕೆ?
ಇದಕ್ಕೆ ಮಾತ್ರ ಚಾಕು ಕೆಳಗಿಟ್ಟಳು.
"ಆಮಿಲ್.
ಇಷ್ಟು ವರ್ಷದಲ್ಲಿ ನಾಲ್ಕು ಸಲ ಕಂಡೆ.
ಮೂರನೆಯ ಸಲ ಬೆಟ್ಟವೆಲ್ಲ ಕಿಣಿಕಿಣಿ ಅನ್ನುತ್ತಿತ್ತು,
ಕುರಿಗಳಿಗೆ ಕಾಲೂರಲು ಸಂಕೋಚ."
ಅವನು ಬರೆದದ್ದು: ಆಮಿಲ್, ನಾಮಪದ, ಹಿಮದ ಪೊರೆ.
ಕುರಿಗಳಿಗೆ ಚೀಟಿಯಲ್ಲಿ ಜಾಗವಿರಲಿಲ್ಲ.

ಚಹಾದ ಋಣಕ್ಕೆ ಅವನೂ ಒಂದು ಪದ ಕೊಟ್ಟ:
"ನಾಳೆಯ ಮರುದಿನಕ್ಕೆ ನಮ್ಮವರಲ್ಲಿ ಒಂದಿತ್ತು, ಓವರ್‌ಮಾರೋ.
ಮಣ್ಣು ಮಾಡಿ ನಾನೂರು ವರ್ಷವಾಯಿತು."
ತಿರ್ಜಾ ಅದನ್ನು ಬಾಯಲ್ಲಿ ಹೊರಳಿಸಿದಳು,
ಹಲ್ಲಿಲ್ಲದ ಕಡೆಯಿಂದ ಹಲ್ಲಿದ್ದ ಕಡೆಗೆ.
"ಗಟ್ಟಿ ಇದೆಯಲ್ಲ! ಯಾಕೆ ಎಸೆದರು?"

ಇಲ್ಲಿ ನನಗೊಂದು ಗಳಿಗೆ ಸೊಕ್ಕು.
ನನ್ನ ನಾಲಗೆಯಲ್ಲಿ ನಾಡಿದ್ದು ಇನ್ನೂ ಬಿಸಿಯಾಗಿದೆ,
ಮೊನ್ನೆ ಇದೆ, ಆಚೆಮೊನ್ನೆಯೂ ಇದೆ,
ಹಾಲಿನವನ ಲೆಕ್ಕಕ್ಕೆ ದಿನಾ ಬಳಸುತ್ತೇನೆ.
ಆಮಿಲ್ ಹೊಯ್ದುಕೊಳ್ಳಲು ಮಾತ್ರ
ಮನೆಯಲ್ಲಿ ಒಂದು ಪಾತ್ರೆಯೂ ಇಲ್ಲ.

ನೂರಾ ಹದಿನಾಲ್ಕು: ಎಡಗೈಯವರಿಗೆ? "ಕೂಚಿ."
ನೂರಾ ಹದಿನೈದು:
ಮುಚ್ಚಿದ ಬಾಗಿಲಿನಡಿ ನುಸುಳುವ ಗಾಳಿಗೆ?

ಅವಳಲ್ಲಿ ಪದವಿರಲಿಲ್ಲ.
ಆ ಗಾಳಿ ಇತ್ತು, ಐವತ್ತು ಚಳಿಗಾಲ ಕಣಕಾಲು ಕಚ್ಚಿತ್ತು,
ಬೈದಿದ್ದಳು, ಹೆಸರಿಟ್ಟಿರಲಿಲ್ಲ.
ಎಲ್ಲರ್‌ಶಾ ಪೆನ್ಸಿಲ್ಲಿನ ಮೊನೆ ನೆಕ್ಕಿ ಕಾದ.
ಅವಳ ಬಾಯಿಂದ ಬರುವ ಮಾತಿಗೆ
ಯಾರೂ ಯಾವತ್ತೂ ಹಾಗೆ ಕಾದದ್ದಿಲ್ಲ.
ಕೋಳಿಯ ಕಡೆ ನೋಡುತ್ತ ಹೇಳಿದಳು:
"ಸ್ಲಿವ್ವಿಕ್. ನಮ್ಮಜ್ಜಿ ಅನ್ನುತ್ತಿದ್ದಳು."
ಅಜ್ಜಿ ಹಾಗೆ ಅಂದದ್ದೇ ಇಲ್ಲ.

ಇದು ಕೆಜಾಯಾ ಹೇಳಿದ್ದು.
ಆಗ ಅವಳಿಗೆ ಒಂಬತ್ತು, ಮೇಜಿನಡಿ ಅವಿತಿದ್ದಳು.
ಅವನು ಹೋದ ಮೇಲೆ ಮುದುಕಿ ನಕ್ಕದ್ದಕ್ಕೆ
ಬಾಣಲೆ ಒಲೆಯಿಂದ ಬಿತ್ತಂತೆ.

ತಿರ್ಜಾ ತೀರಿಕೊಂಡ ಐದನೆಯ ವರ್ಷ ಪದಕೋಶ ಬಂತು.
ಸ್ಲಿವ್ವಿಕ್: ಬಾಗಿಲ ಸಂದಿಯ ಗಾಳಿ.
ಬಲು ಅಪರೂಪ. ಒಬ್ಬರ ಬಾಯಿಂದ ಮಾತ್ರ ದೊರೆತದ್ದು.
ಪ್ರಾಯಶಃ ಸ್ಯಾಕ್ಸನ್ ಮೂಲ. ಈಗ ಬಳಕೆಯಲ್ಲಿಲ್ಲ.

ಕೊನೆಯ ಮಾತೊಂದು ನಿಜ.
ಯಾಕೆಂದರೆ ಎಲ್ಲರ್‌ಶಾ ಅಂದು ಹೊರಡುವಾಗ
ಗೇಟಿನ ಬಳಿ ತಿರುಗಿ, "ಓವರ್‌ಮಾರೋ ಬರುತ್ತೇನೆ" ಎಂದಿದ್ದ.
ಬಂದ ಕೂಡ, ಪ್ರಶ್ನೆಗಳ ಕಟ್ಟಿಲ್ಲದೆ.
ಕೈಯಲ್ಲಿ ಒಂದು ಮೊಳ ಕಂಬಳಿ ಪಟ್ಟಿ, ಹನ್ನೆರಡು ಮೊಳೆ.
ಮಂಡಿಯೂರಿ ಕೂತು
ಬಾಗಿಲಿನಡಿಗೆ ಬಿಗಿಯಾಗಿ ಹೊಡೆದು ಹೋದ.