ಬಾಗಿಲಿದ್ದ ಹಾಡು

ರಾಯಚೂರಿನ ತೀನ್ ಕಂದಿಲ್ ಹತ್ತಿರ
ಛತ್ರಿ ರಿಪೇರಿಯವನ ತಲೆಯ ಮೇಲೆ
ಏಳು ಮೆಟ್ಟಿಲು ಹತ್ತಿದರೆ ಲಾಲಸಾಬರ ರೆಕಾರ್ಡಿಂಗ್ ಅಂಗಡಿ.
ನನಗೆ ಹದಿನಾರು. ಕೆಲಸ:
ಜೋತುಬಿದ್ದ ಟೇಪನ್ನು ಪೆನ್ಸಿಲಿನಿಂದ ಸುತ್ತುವುದು,
ಚಹಾ ತರುವುದು,
ಕ್ಯಾಸೆಟ್ಟಿನ ಬೆನ್ನಿಗೆ ಹಸಿರು ಶಾಯಿಯಲ್ಲಿ ಹೆಸರು ಬರೆಯುವುದು.

ಗಿರಾಕಿಗೆ ಹಾಡಿನ ಹೆಸರು ಗೊತ್ತಿರುವುದು ಕಡಿಮೆ.
‘ಅದೇ, ಗುಬ್ಬಿ ಬರ್ತದಲ್ಲ.’
‘ಕಾಗದ ಹರದು ಒಗೀತಾಳ ನೋಡ್ರಿ, ಅದು.’
ಅದಕ್ಕೇ ಲಾಲಸಾಬರ ಉದ್ದ ಖಾತೆ ಪುಸ್ತಕದಲ್ಲಿ
ಸಿನಿಮಾ, ಭಜನೆ, ಗಜಲು ಎಂಬ ವಿಂಗಡಣೆ ಇರಲಿಲ್ಲ.
ಪುಟದ ನೆತ್ತಿಗೆ ಒಂದೊಂದೇ ಶಬ್ದ:
ದೀಪ. ಹೊಳೆ. ಕಾಗದ. ಬಾಗಿಲು.

ಹೊಳೆಯ ಪುಟ ತುಂಬಿ ಬೇರೆ ಹಾಳೆ ಅಂಟಿಸಿದ್ದರು.
ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವಿನ ಜನ ನಾವು,
ಹೊಳೆಯಿಲ್ಲದ ಹಾಡು ಅರ್ಧ ಹಾಡು.
ಭಜನೆಯವರ ಹೊಳೆಗೆ ದಡವೇ ಕಾಣದು.
ತೆಲುಗು ಸಿನಿಮಾದ ಹೊಳೆಗೆ ಆಚೆ ದಡದಲ್ಲಿ ಹಳದಿ ಸೀರೆ.
ತಾಂಡಾದ ಸೋಮ್ಲಿಬಾಯಿಯ ಹೊಳೆ ಮೊಣಕಾಲುಮಟ್ಟ,
ಅದರಲ್ಲಿ ನಿಜವಾಗಿಯೂ ಒಂದು ಆಡು ದಾಟುತ್ತಿತ್ತು.
ಮೊಹರಂ ಪದದ ಹೊಳೆ ಮಾತ್ರ
ಕಣ್ಣೆದುರೇ ಹರಿಯುತ್ತದೆ, ತುಟಿಗೆ ಬರುವುದಿಲ್ಲ.
ಆ ಟೇಪು ಓಡುವಷ್ಟು ಹೊತ್ತು ಲಾಲಸಾಬರು
ಹೂಜಿಯ ಮೇಲಿನ ಲೋಟ ಬೋರಲು ಹಾಕಿಡುತ್ತಿದ್ದರು.

ಒಂದು ಮಧ್ಯಾಹ್ನ ಉರುಕುಂದಮ್ಮ ಬಂದಳು,
ಜಿನ್ನಿಂಗ್ ಮಿಲ್ಲಿನ ಪಾಳಿ ಮುಗಿಸಿ,
ಹುಬ್ಬಿನ ಮೇಲೆ ಅರಳೆಯ ಎಳೆ.
ಸೆರಗಿನ ಗಂಟಿನಿಂದ ಹದಿನೈದು ರೂಪಾಯಿ ಬಿಚ್ಚಿಟ್ಟು
‘ನಮ್ಮವ್ವನ ಹಾಡು ಬೇಕ್ರಿ’ ಅಂದಳು.
‘ಮಾತು ನೆಪ್ಪಿಲ್ಲ. ರಾಗನೂ ಜಾರ್ಯಾದ.
ಅದರಾಗ ಒಂದು ಬಾಗಿಲ ಅದ. ಅರ್ಧ ತೆರದದ್ದು.’

ಲಾಲಸಾಬರು ಬಾಗಿಲಿನ ಪುಟ ತೆಗೆದರು.
ಮೊದಲು ಒಂಬತ್ತು ಬಾಗಿಲಿನ ಮನೆ, ಏಕತಾರಿ, ಮುದುಕನ ಕೆಮ್ಮು.
‘ಅಲ್ಲ.’
ಕವ್ವಾಲಿ. ಬಾಗಿಲ ಮುಂದೆ ಕೂತವನು ಏಳುವುದೇ ಇಲ್ಲ,
ಒಳಗಿನ ಬೈಗುಳಕ್ಕೂ ಚಪ್ಪಾಳೆ ತಟ್ಟುತ್ತಾನೆ.
‘ಅಲ್ಲ.’
ಸೋಬಾನೆಯ ಹೆಂಗಸರು ಹೊಸ್ತಿಲಲ್ಲಿ ಮದುಮಗಳನ್ನು ತಡೆದು
ಗಂಡನ ಹೆಸರು ಕೇಳಿ ನಕ್ಕರು.
ಉರುಕುಂದಮ್ಮನೂ ನಕ್ಕಳು. ‘ಅಲ್ಲ, ಆದ್ರ ಇನ್ನೊಮ್ಮಿ ಹಾಕು.’
ಹಿಂದಿ ಹಾಡು: ತಟ್ಟುತ್ತಾನೆ, ಯಾರೂ ತೆಗೆಯುವುದಿಲ್ಲ.
ಡಿಸ್ಕೊ: ತಟ್ಟುವುದೂ ಇಲ್ಲ, ಒದೆಯುತ್ತಾನೆ.

ನನಗೆ ಅನಿಸಿತು, ಲೋಕಕ್ಕೆಲ್ಲ ಇರುವುದು ಒಂದೇ ಬಾಗಿಲು,
ಒಬ್ಬೊಬ್ಬರು ಒಂದೊಂದು ಬಣ್ಣ ಬಳಿದು
ನಮ್ಮನೆಯದೆನ್ನುತ್ತಾರೆ.
ಹದಿನಾರರ ಬುದ್ಧಿ. ಹೇಳಿಯೂ ಬಿಟ್ಟೆ.
ಲಾಲಸಾಬರು, ‘ಚಹಾ ತಾ’ ಅಂದರು.

ತರುವಷ್ಟರಲ್ಲಿ ಕರೆಂಟು ಹೋಗಿತ್ತು;
ಊರಾಚೆ ಶಕ್ತಿನಗರದ ಚಿಮಣಿಗಳು ಹೊಗೆ ಬಿಡುತ್ತಲೇ ಇದ್ದವು.
ಫ್ಯಾನು ನಿಂತದ್ದೇ, ಛತ್ರಿಯ ಕಡ್ಡಿ ಬಡಿಯುವ ಸದ್ದು
ಮೆಟ್ಟಿಲು ಹತ್ತಿ ಬಂತು.
ಟಿಣ್, ಟಿಣ್, ತಡೆದು, ಟಿಣ್.
ಉರುಕುಂದಮ್ಮ ಬಸಿಗೆ ಸುರಿದ ಚಹಾ ಊದುತ್ತಾ
ಊದುತ್ತಲೇ ಗುನುಗಿದಳು.
ಲಾಲಸಾಬರು ಬ್ಯಾಟರಿ ಟೇಪನ್ನು ತೋರಿಸಿ, ಹುಬ್ಬಿನಲ್ಲೇ ಕೇಳಿ,
ಅವಳು ತಲೆಯಾಡಿಸಿದ ಮೇಲೆ
ಎರಡು ಗುಂಡಿ ಒಟ್ಟಿಗೆ ಒತ್ತಿದರು.

ಬೀಸುವ ಹಾಡು.
ಅದರಲ್ಲಿ ಬೆಲ್ಲವಿತ್ತು, ಅಣ್ಣನ ಕುದುರೆಯಿತ್ತು, ಎರಡು ಹಿಡಿ ನವಣೆ.
ಬಾಗಿಲು ಎಲ್ಲೂ ಇರಲಿಲ್ಲ.

‘ಬಾಗಿಲ?’ ಅಂದೆ.
ಅವಳೂ ಹುಡುಕಿದಳು, ಬಸಿಯ ತಳ ನೋಡುತ್ತಾ.
‘ನಸುಕಿನಾಗ ಅವ್ವ ಬೀಸ್ತಿದ್ಲು. ದೀಪಕ್ಕ ಎಣ್ಣಿ ಇರ್ತಿದ್ದಿಲ್ಲ.
ಬೆಳಕು ಬರ್ಲಿ ಅಂತ ಕದ ಅರ್ಧ ತೆರೀತಿದ್ಲು.
ನಾನು ಕೌದಿಯಾಗಿಂದ ನೋಡ್ತಿದ್ದೆ.’

ಖಾಲಿ ಕ್ಯಾಸೆಟ್ಟಿನದಷ್ಟು ಹಿಡಿದು ಉಳಿದದ್ದು ವಾಪಸ್ ಕೊಟ್ಟರು.
ಯಾವ ಪುಟಕ್ಕೆ ಬರೆಯಲಿ ಎಂದು ನಾನು ಕೇಳಲಿಲ್ಲ,
ಬಾಗಿಲಿನ ಕೆಳಗೇ ಬರೆದೆ.

ಹದಿನೆಂಟು ವರ್ಷ ಬಿಟ್ಟು ಅವಳ ಮಗಳು ಬಂದಳು,
ಬೂಸ್ಟು ಹಿಡಿದ ಅದೇ ಕ್ಯಾಸೆಟ್ಟು.
ಲಾಲಸಾಬರಿಲ್ಲ. ಛತ್ರಿಯವನ ಜಾಗದಲ್ಲಿ ಮೊಬೈಲ್ ಕವರು ತೂಗುತ್ತವೆ.
‘ಮೊಬೈಲಿಗೆ ಹಾಕಿಕೊಡ್ರಿ. ನಮ್ಮವ್ವನ ಹಾಡು’ ಅಂದಳು.
‘ನಡುವ ನಡುವ ಗಂಟಿ ಬಾರಿಸ್ತದಲ್ಲ,
ಅದು ಹೋಗಬಾರ್ದು ನೋಡ್ರಿ.’

ಹೂಂ ಅಂದೆ.
ಪೆನ್ಸಿಲು ಹುಡುಕಿದೆ.